ಟಿವಿ ನೋಡಿ ಮಾಡಿದ ಪತ್ರೊಡೆ

ಸಿಹಿ ಕಹಿ ಚಂದ್ರು ‘ಬೊಂಬಾಟ್ ಭೋಜನ’ದಲ್ಲಿ ನಗುನಗುತ್ತಾ ಒಗ್ಗರಣೆ ಹಾಕುವುದನ್ನು ಕಂಡಾಗಲೆಲ್ಲ ನನ್ನ ಕೈ ತುರಿಸುತ್ತದೆ. ಆಟಿ ತಿಂಗಳ ಒಂದು ಭಾನುವಾರ ಬಂಟ್ವಾಳದ ನಮ್ಮ ಹಿತ್ತಿಲ ಕೆಸುವಿನೆಲೆ ಕೊಯ್ದು, ಇನ್ಯಾವುದೋ ಚಾನೆಲ್ ಹಾಕಿಕೊಂಡು ಪತ್ರೊಡೆಗೆ ಕೂತೆ. ಅಲ್ಲಿ ಅಕ್ಕಿ ಮೊದಲೇ ನೆನೆದಿತ್ತು, ತೆಂಗಿನಕಾಯಿ ತನ್ನಷ್ಟಕ್ಕೆ ತುರಿದುಕೊಂಡಿತ್ತು. ಪಾತ್ರೆ ತೊಳೆಯುವವರಂತೂ ಕಾಣಲೇ ಇಲ್ಲ. “ಈಗ ಹುಣಸೆಹುಳಿ...” ಎನ್ನುವಷ್ಟರಲ್ಲಿ ಮಳೆಗೆ ಕರೆಂಟು ಹೋಯಿತು. ಎಷ್ಟು ಹುಳಿ? ಅಂದಾಜಿಗೆ ಕಡಲೆಕಾಳಿನಷ್ಟು ಹಾಕಿದೆ.

ಮೂಡುಬಿದಿರೆಯಿಂದ ಬಂದ ಭಾವ ಎರಡು ತುಂಡು ತಿಂದವರು ಗಂಟಲು ಹಿಡಿದುಕೊಂಡು ಮೌನಿಯಾದರು. ಬೆಳ್ತಂಗಡಿಯ ಅತ್ತೆಗೆ ಫೋನ್ ಮಾಡಿದೆ. “ಹುಳಿ ಕಡಿಮೆಯಾದರೆ ಕೆಸು ತುರಿಸದೆ ಇರ್ತದಾ ಮಾರಾಯರೇ? ಲಿಂಬೆಗಾತ್ರವಾದರೂ ಬೇಡವಾ?”

ಭಾವ ಈಗಲೂ ಬರುತ್ತಾರೆ. ಇವತ್ತು ಅಡುಗೆ ಯಾರದ್ದು ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡು.