ಒಂದು ಕೂರಿಗೆ, ನೂರೆಂಟು ನಕ್ಷೆ: ಬಳಕೆಯ ಕೈಪಿಡಿ

ಅಭಿನಂದನೆಗಳು! ದೇವದುರ್ಗ ತಾಲೂಕಿನ ಮಸರಕಲ್ ಸುತ್ತಿನ ಹೊಲಗಳಿಗೆ ಟ್ರ್ಯಾಕ್ಟರ್ ಕೂರಿಗೆ ಮಾಡಿಕೊಡಲು ಶೆಡ್ ಹಾಕಿದ್ದೀರಿ. ವೆಲ್ಡಿಂಗ್ ಮಷಿನ್ನಿನ ಪಕ್ಕ ಕಂಪ್ಯೂಟರನ್ನೂ ಇಟ್ಟಿದ್ದೀರಿ. ಮೊದಲು ಅದರ ಧೂಳು ಒರೆಸಿ.

ಹಂತ 1: ಲೆಕ್ಕ ಹಾಕಿ, ಬೆಚ್ಚಿಬೀಳಿ. ಸಾಲಿನ ಅಂತರ ಮೂರು ಬಗೆ. ಮಣ್ಣು ಎರಡು: ಎರಿ, ಮಸಾರಿ. ಬೀಜದ ಪೆಟ್ಟಿಗೆ, ಬೀಜ-ಗೊಬ್ಬರದ ಜೋಡಿ ಪೆಟ್ಟಿಗೆ, ಕೈಯಲ್ಲಿ ಬೀಜ ಬಿಡುವ ಬಟ್ಟಲು, ಅಲ್ಲಿಗೆ ಮತ್ತೆ ಮೂರು. ಟ್ರ್ಯಾಕ್ಟರ್ ಗಾತ್ರ ಮೂರು. ಒಟ್ಟು 54 ಕೂರಿಗೆ. ಅಷ್ಟರಲ್ಲಿ ಗಿರಾಕಿ ಟ್ರ್ಯಾಕ್ಟರಿನ ಬಣ್ಣವೇ ಕೂರಿಗೆಗೂ ಬೇಕೆನ್ನುತ್ತಾನೆ. ಕೆಂಪು, ನೀಲಿ ಎರಡೇ ಇಟ್ಟರೂ 108. ಇನ್ನು ಜಪಮಾಲೆ ಹಿಡಿಯಬಹುದು. ಬಣ್ಣವನ್ನು ನಕ್ಷೆಯೊಳಗೆ ಬಿಟ್ಟುಕೊಳ್ಳಬೇಡಿ. ಅದು ಆರ್ಡರ್ ಚೀಟಿಯಲ್ಲೇ ಇರಲಿ.

ಹಂತ 2: ‘ಕೂರಿಗೆ-ಫೈನಲ್’, ‘ಕೂರಿಗೆ-ಫೈನಲ್-ಹೊಸದು’, ‘ಕೂರಿಗೆ-ಇದೇ-ಖರೇ-ಫೈನಲ್’ ಎಂಬ ಫೈಲುಗಳನ್ನು ಅಳಿಸಿ. ಒಂದೇ ತಾಯಿ ನಕ್ಷೆ ಸಾಕು. ಅದಕ್ಕೆ ಹೀಗೊಂದು ನಿಯಮ ಕಲಿಸಿ: ತಾಳುಗಳನ್ನು (ಸಾಲು ಸೀಳುವ ಕಾಲುಗಳನ್ನು) ಕೂಡಿಸುವ ಪಟ್ಟಿಯ ಉದ್ದ 240 ಸೆಂ.ಮೀ.; ಅದನ್ನು ಸಾಲಿನ ಅಂತರದಿಂದ ಭಾಗಿಸಿ, ಚಿಲ್ಲರೆ ಬಿಟ್ಟು, ಒಂದು ಕೂಡಿಸು. ಕಡಲೆಗೆ 30 ಕೊಟ್ಟರೆ 9 ತಾಳು, ಹಿಂಗಾರಿ ಜೋಳಕ್ಕೆ 45 ಕೊಟ್ಟರೆ 6, ಹತ್ತಿಗೆ 90 ಕೊಟ್ಟರೆ 3. ಒಂದು ಕೂಡಿಸುವುದೇಕೆ ಎನ್ನುವವರು ಬೇಲಿಯ ಕಂಬ ಎಣಿಸಿ ಬನ್ನಿ.

ಈ ನಿಯಮವನ್ನು, ನಕ್ಷೆ ಬಿಡಿಸುವ ತಂತ್ರಾಂಶ ಸಾಲಿಡ್‌ವರ್ಕ್ಸ್ ಆದರೆ ಎಕ್ಸೆಲ್ ಕೋಷ್ಟಕದಲ್ಲಿ ಇಡಬಹುದು, ಇನ್ವೆಂಟರ್ ಆದರೆ ಅದರ ಐಲಾಜಿಕ್‌ನಲ್ಲಿ ಬರೆಯಬಹುದು. ಬೇಡದ ತಾಳನ್ನು ಅಳಿಸಬೇಡಿ, ಸಪ್ರೆಸ್ ಮಾಡಿ. ಅಂದರೆ ಲಗ್ನಪತ್ರಿಕೆಯಲ್ಲಿ ಹೆಸರಿದೆ, ಪಂಕ್ತಿಯಲ್ಲಿ ಎಲೆ ಇಲ್ಲ. ತಾಳಿನೊಂದಿಗೆ ಅದರ ಕ್ಲ್ಯಾಂಪ್, ಬೋಲ್ಟು, ಬೀಜದ ಕೊಳವೆಯನ್ನೂ ಒಂದೇ ಉಪಜೋಡಣೆಯಾಗಿ ಕಟ್ಟಿಡಿ. ಇಲ್ಲದಿದ್ದರೆ ತಾಳು ಮಾಯವಾದ ಜಾಗದಲ್ಲಿ ಬೋಲ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ, ಸಾಮಾನಿನ ಪಟ್ಟಿಯಲ್ಲೂ ಕೂತಿರುತ್ತದೆ.

ಹಂತ 3: ನಿಯಮಗಳ ಚಟ ಹತ್ತಿಸಿಕೊಳ್ಳಬೇಡಿ. 1980ರ ದಶಕದಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತನ್ನ ವ್ಯಾಕ್ಸ್ ಕಂಪ್ಯೂಟರುಗಳ ಬಿಡಿಭಾಗ ಹೊಂದಿಸಲು ಎಕ್ಸ್‌ಕಾನ್ ಎಂಬ ತಂತ್ರಾಂಶ ಬಳಸಿತು. ನಿಯಮಗಳು ಸಾವಿರಗಟ್ಟಲೆ ಬೆಳೆದು, ಅವನ್ನು ಸಾಕುವುದೇ ಇನ್ನೊಂದು ಕಸುಬಾಯಿತು. ಆದರೆ ಕೂರಿಗೆ ಮಾಡುವ ನಮ್ಮ ಊರ ಬಡಿಗನದು ಒಂದೇ ಪ್ರಶ್ನೆ:

“ಮನ್ಯಾಗ ಎಡಿಕುಂಟಿ ಎಷ್ಟರದ್ದೈತಿ ಮಾವಾ?”

ಕೂರಿಗೆಯ ಸಾಲಿಗೆ ಕಳೆ ತೆಗೆಯುವ ಎಡೆಕುಂಟೆ ಹೊಂದದಿದ್ದರೆ ಕಳೆಯ ಜೊತೆ ಬೆಳೆಯೂ ಹೋಗುತ್ತದೆ. ಈ ಪ್ರಶ್ನೆಯನ್ನು ಎಲ್ಲ ನಿಯಮಗಳಿಗಿಂತ ಮೇಲೆ ಬರೆಯಿರಿ. ಉತ್ತರ ತುಂಬದೆ ಕಂಪ್ಯೂಟರ್ ನಕ್ಷೆ ತೆರೆಯಕೂಡದು.

ತೊಂದರೆ ನಿವಾರಣೆ: ಪಕ್ಕದ ಹೊಲದವನ ಕೂರಿಗೆಗೆ 9 ತಾಳಿವೆ, ಹತ್ತಿ ಬಿತ್ತಲು ನನಗೂ 9 ಬೇಕೆಂದು ಗಿರಾಕಿ ಹಟ ಹಿಡಿದಾನು. ನಿಯಮದ ತಲೆಯ ಮೇಲೆ ಕೈಯಾರೆ ಸಂಖ್ಯೆ ತಿದ್ದಬೇಡಿ. ಅಂತರದ ಜಾಗದಲ್ಲಿ 30 ತುಂಬಿ, ಕಡಲೆ ಕೂರಿಗೆಯನ್ನೇ ಕೊಟ್ಟು ಕಳಿಸಿ. 2, 5, 8ನೇ ತಾಳು ಉಳಿಸಿಕೊಂಡು ಮಿಕ್ಕ ಆರನ್ನು ಬಿತ್ತುವ ದಿನ ಬಿಚ್ಚಿಕೊಳ್ಳಲಿ. ಪಾನಾ ಜೊತೆಗೇ ಕೊಡಿ.