ನಾಲ್ಕು ಗ್ರಾಂ ಅರ್ಥಶಾಸ್ತ್ರ

ನಿಶ್ಚಿತಾರ್ಥಕ್ಕೆ ಶಾಸ್ತ್ರ ಕೇಳುವುದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಮತ್ತು ಲಗ್ನಪತ್ರಿಕೆ ಓದಲು ಒಬ್ಬ ಪುರೋಹಿತರು. ಉಂಗುರ ಕೇಳುವುದು ಫೋಟೋಗ್ರಾಫರ್. ಬೀಗರು ತಾಂಬೂಲ ಬದಲಿಸಿಕೊಳ್ಳುವ ಚಿತ್ರಕ್ಕಿಂತ ಬೆರಳಿಗೆ ಉಂಗುರ ತೊಡಿಸುವ ಚಿತ್ರ ಆಲ್ಬಮ್ಮಿನಲ್ಲಿ ಚೆನ್ನಾಗಿ ಬರುವುದರಿಂದ, ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈಗ ಉಂಗುರವಿಲ್ಲದೆ ನಿಶ್ಚಯವಿಲ್ಲ. ಅದೂ ಒಂದಲ್ಲ, ಎರಡು. ಹುಡುಗಿಯ ಕಡೆಯವರು ನಾಲ್ಕು ಗ್ರಾಂ ಹಾಕುತ್ತಾರಂತೆ ಎಂಬ ಸುದ್ದಿ ತಲುಪಿದ ಕೂಡಲೇ ಹುಡುಗನ ಕಡೆಯವರದು ಐದಾಗುತ್ತದೆ. ಆ ಸುದ್ದಿ ವಾಪಸು ಹೋದರೆ ಆರಾಗುತ್ತದೆ. ಆದ್ದರಿಂದ ಉಳಿತಾಯದ ಮೊದಲ ಕ್ರಮವೆಂದರೆ ಎರಡೂ ಮನೆಯವರು ತೂಕವನ್ನು ಮೊದಲೇ ಮಾತಾಡಿ ಮುಗಿಸಿಕೊಳ್ಳುವುದು.

ಉಂಗುರದ ಬಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಬಾಬತ್ತುಗಳಿರುತ್ತವೆ: ಚಿನ್ನದ ಬೆಲೆ, ಮಜೂರಿ, ಕಲ್ಲಿನ ಬೆಲೆ ಮತ್ತು ಶೇ 3ರ ಜಿಎಸ್‌ಟಿ. ಮೊದಲನೆಯದೂ ಕೊನೆಯದೂ ಗಿರಾಕಿಯ ಕೈಯಲ್ಲಿಲ್ಲ. ಆದರೂ ಮನೆಮಂದಿಯ ಚಿಂತೆಯೆಲ್ಲ ಮೊದಲನೆಯದರ ಮೇಲೆಯೇ. ಗ್ರಾಂಗೆ ಇಪ್ಪತ್ತು ರೂಪಾಯಿ ಇಳಿಯಲೆಂದು ವಾರಗಟ್ಟಲೆ ಕಾದು, ನೂರು ರೂಪಾಯಿ ಏರಿದ ದಿನ ಗಾಬರಿಯಿಂದ ಓಡಿಹೋಗಿ ಕೊಳ್ಳುವುದು ರೂಢಿ. ನಾಲ್ಕು ಗ್ರಾಂ ಉಂಗುರಕ್ಕೆ ಇಪ್ಪತ್ತು ರೂಪಾಯಿಯ ಇಳಿಕೆ ಎಂದರೆ ಒಟ್ಟು ಎಂಬತ್ತು ರೂಪಾಯಿ. ಅಂಗಡಿಗೆ ಹೋಗಿಬರುವ ಆಟೋಗೂ ಅದು ಸಾಲದು.

ಹಣ ಸೋರುವುದು ಮಜೂರಿಯಲ್ಲಿ. ಲೆಕ್ಕದ ಅನುಕೂಲಕ್ಕೆ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಂಡರೆ, ನಾಲ್ಕು ಗ್ರಾಂಗೆ ಶೇ 8ರ ಮಜೂರಿ 3,200 ರೂಪಾಯಿ. ಶೇ 20 ಆದರೆ 8,000. ಸಾದಾ ಉಂಗುರಕ್ಕೆ ಕಡಿಮೆ, ಹೂಬಳ್ಳಿಯ ಕುಸುರಿಗೆ ಹೆಚ್ಚು. ಕೆಲವೆಡೆ ಇದರ ಜೊತೆಗೆ ‘ವೇಸ್ಟೇಜ್’ ಕೂಡ ಸೇರುತ್ತದೆ. ಅರದಿಂದ ಉಜ್ಜುವಾಗ ಉದುರುವ ಚಿನ್ನದ ಪುಡಿಗೆ ಕಟ್ಟುವ ಬೆಲೆಯಿದು. ಅಕ್ಕಸಾಲಿಗರ ಬೀದಿಯ ಕಸವನ್ನೇ ಗುಡಿಸಿ ತೊಳೆದು ಚಿನ್ನ ತೆಗೆಯುವವರಿರುವ ದೇಶದಲ್ಲಿ ಪುಡಿ ನಿಜವಾಗಿ ವೇಸ್ಟ್ ಆಗುವುದು ಗಿರಾಕಿಯ ಪಾಲಿಗೆ ಮಾತ್ರ. ಚೌಕಾಸಿ ಮಾಡಬೇಕಾದ ಜಾಗ ಇದೇ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಬಿಡಿಸಿಕೊಳ್ಳುವವರು ಎಸಿ ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕುಳಿತೊಡನೆ ಮೌನಿಗಳಾಗುವುದನ್ನು ಅಂಗಡಿಯವರು ಬಲ್ಲರು.

ಕಾಲವೂ ಮುಖ್ಯ. ಮದುವೆಗಳಿಲ್ಲದ ಆಷಾಢದಲ್ಲಿ ವ್ಯಾಪಾರ ಮಂದವಾಗಿ, ಅಂಗಡಿಗಳು ಮಜೂರಿಯಲ್ಲಿ ರಿಯಾಯಿತಿ ಘೋಷಿಸುತ್ತವೆ. ಆದರೆ ಆಷಾಢದಲ್ಲಿ ಬಂಗಾರವೇ ಎಂದು ಮನೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅಕ್ಷಯ ತೃತೀಯಕ್ಕೆ ಅವರ ಒಪ್ಪಿಗೆಯಿದೆ. ಅಂದಿನ ನೂಕುನುಗ್ಗಲಿನಲ್ಲಿ ಚೌಕಾಸಿಗೆ ಪುರುಸೊತ್ತಿಲ್ಲ. ಅಕ್ಷಯವಾಗುವುದು ಯಾರ ಗಲ್ಲಾಪೆಟ್ಟಿಗೆ ಎಂಬ ಪ್ರಶ್ನೆಯನ್ನು ಪಂಚಾಂಗ ಎತ್ತುವುದಿಲ್ಲ.

ಬಿಲ್ಲಿನ ಮೂರನೆಯ ಬಾಬತ್ತು ಕಲ್ಲು. ಕಲ್ಲಿನ ತೂಕವನ್ನು ಕಳೆದು ನಿವ್ವಳ ಚಿನ್ನಕ್ಕಷ್ಟೇ ಚಿನ್ನದ ದರ ಹಾಕಬೇಕು. ಇಲ್ಲದಿದ್ದರೆ ಗಾಜಿನ ಹರಳೂ ಬಂಗಾರದ ಬೆಲೆಗೆ ಮಾರಾಟವಾಗುತ್ತದೆ. ವಜ್ರವನ್ನು ಅಳೆಯುವುದು ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ಐವತ್ತು, ನೂರು ಮುಂತಾದ ದುಂಡು ಸಂಖ್ಯೆಗಳಲ್ಲಿ ಬೆಲೆ ಒಮ್ಮೆಲೇ ಜಿಗಿಯುತ್ತದೆ. ನಲವತ್ತೆಂಟು ಸೆಂಟಿನ ವಜ್ರಕ್ಕೂ ಐವತ್ತರದಕ್ಕೂ ಇರುವ ವ್ಯತ್ಯಾಸ ತಕ್ಕಡಿಗೆ ಗೊತ್ತು, ಬೀಗಿತ್ತಿಗೆ ಗೊತ್ತಾಗದು. ಇನ್ನೂ ಅಗ್ಗ ಬೇಕಿದ್ದವರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಿದೆ. ಅದೂ ಅಪ್ಪಟ ಇಂಗಾಲವೇ. ಬರಿಗಣ್ಣಿಗೆ ಭೇದ ಕಾಣದು. ಮರುಮಾರಾಟದಲ್ಲಿ ಅದಕ್ಕೆ ಹೆಚ್ಚೇನೂ ಸಿಗದೆಂಬುದು ನಿಜ. ಗಣಿಯ ವಜ್ರವನ್ನು ಮಾರಲು ಹೋದವರ ಮುಖವೂ ಅರಳಿರುವುದಿಲ್ಲ. ಉಂಗುರಕ್ಕೆ ಎರಡು ತಿಂಗಳ ಸಂಬಳ ಸುರಿಯಬೇಕೆಂಬ ಮಾತನ್ನು 1980ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿಸಿದ್ದು ವಜ್ರ ಮಾರುವ ಡಿ ಬೀರ್ಸ್ ಕಂಪನಿಯ ಜಾಹೀರಾತು. ಅದು ಮನುಸ್ಮೃತಿಯಲ್ಲೂ ಇಲ್ಲ, ಯಾವ ಗೃಹ್ಯಸೂತ್ರದಲ್ಲೂ ಇಲ್ಲ.

ಉಳಿಸಬಾರದ ಕಡೆಗಳೂ ಉಂಟು. 22 ಕ್ಯಾರೆಟ್ ಚಿನ್ನದಲ್ಲಿ ಶೇ 91.6 ಚಿನ್ನವಿದ್ದರೆ 18 ಕ್ಯಾರೆಟ್ಟಿನಲ್ಲಿ ಶೇ 75. ಎರಡನೆಯದು ಗಟ್ಟಿಯಾದ್ದರಿಂದ ವಜ್ರವನ್ನು ಭದ್ರವಾಗಿ ಹಿಡಿಯುತ್ತದೆ, ಅಗ್ಗವೂ ಹೌದು. ಯಾವುದೇ ಇರಲಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, ಶುದ್ಧತೆಯ ಅಂಕಿ ಮತ್ತು ಆರು ಅಕ್ಷರ-ಅಂಕಿಗಳ ಗುರುತಿನ ಸಂಕೇತವಾದ ಎಚ್‌ಯುಐಡಿ ಉಂಗುರದ ಮೇಲಿರಬೇಕು. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ತಾಳೆ ನೋಡಬಹುದು. 2 ಗ್ರಾಂಗಿಂತ ಹಗುರಾದ ಒಡವೆಗೆ ಈ ಕಡ್ಡಾಯವಿಲ್ಲ, ಆದ್ದರಿಂದ ಉಳಿತಾಯದ ಉತ್ಸಾಹದಲ್ಲಿ ಅಷ್ಟು ತೆಳ್ಳಗೆ ಇಳಿಯದಿರುವುದು ಕ್ಷೇಮ. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಸಲಹೆ ಪ್ರತಿ ಬಳಗದಲ್ಲೂ ಒಬ್ಬ ಭಾವನಿಂದ ಬರುತ್ತದೆ. ಶೇ 3 ಉಳಿಸಲು ಹೋಗಿ ನೂರಕ್ಕೆ ನೂರರ ಪುರಾವೆ ಕಳೆದುಕೊಳ್ಳುವ ಉಪಾಯವದು.

ಕೊನೆಯ ಅಂಶ ಗಿರಾಕಿಗಳ ಸಂಖ್ಯೆ. ಅಂಗಡಿಗೆ ಹೋಗುವವರು ಹೆಚ್ಚಿದಂತೆ ಉಂಗುರದ ತೂಕವೂ ಹೆಚ್ಚುತ್ತದೆ. “ಒಬ್ಬನೇ ಮಗ, ಇಷ್ಟು ಸಪೂರ ಇದ್ರೆ ಹೇಗೆ?” ಎಂದು ಸೋದರತ್ತೆ ಒಂದು ಮಾತಾಡಿದರೆ ಒಂದು ಗ್ರಾಂ ಏರುತ್ತದೆ. ಅಷ್ಟರಲ್ಲಿ ಬಾದಾಮಿ ಹಾಲು ಬರುತ್ತದೆ; ಕುಡಿದವರು ದಾಕ್ಷಿಣ್ಯಕ್ಕೆ ಸಿಕ್ಕುತ್ತಾರೆ. ಹುಡುಗ, ಹುಡುಗಿ, ಲೆಕ್ಕ ಬಲ್ಲ ಒಬ್ಬ ಹಿರಿಯರು ಹೋದರೆ ಸಾಕು.

ಮಜೂರಿ, ನಿವ್ವಳ ತೂಕ, ಕಲ್ಲಿನ ಬೆಲೆ ಇವನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಬರೆಸಿಕೊಂಡವರು ಒಂದಷ್ಟು ಸಾವಿರ ಉಳಿಸುವುದು ಖಂಡಿತ. ಉಳಿದ ಹಣವನ್ನು ಏನು ಮಾಡುವುದೆಂದು ಅವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಛತ್ರದವರು ಅದನ್ನು ಆಗಲೇ ಯೋಚಿಸಿರುತ್ತಾರೆ.