ನೆಲವೊರೆಸುವ ಬಟ್ಟೆಯವರಿಗೆ ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಹುಲ್ಲುಪೊರಕೆಯವರೇ, ಅಂಗಳದಿಂದ ಆಗಮಿಸಿರುವ ಹಿರಿಯರಾದ ತೆಂಗಿನ ಕಡ್ಡಿಪೊರಕೆಯವರೇ, ಎಷ್ಟು ಕಸ ಹಾಕಿದರೂ ಬಾಯಿ ಮುಚ್ಚದ ಮೊರದವರೇ, ಒಂದು ಕಾಲು ಗಿಡ್ಡವಾಗಿದ್ದರೂ ಅನೇಕರನ್ನು ಉನ್ನತ ಸ್ಥಾನಕ್ಕೇರಿಸಿದ ಸ್ಟೂಲಿನವರೇ, ಬಚ್ಚಲಿನ ಕಾರ್ಯಭಾರದ ನಡುವೆಯೂ ಬಿಡುವು ಮಾಡಿಕೊಂಡ ವೈಪರ್ ಅವರೇ, ಮುಂದಿನ ಸಾಲಿನಲ್ಲಿ ಪೇಪರ್ ಹಿಡಿದು ಕುಳಿತಿರುವ ನಮ್ಮ ಯಜಮಾನರೇ, ಹಾಗೂ ಇಂದಿನ ಸನ್ಮಾನಿತರಾದ ನೆಲವೊರೆಸುವ ಬಟ್ಟೆಯವರೇ,

ನಾಳೆ ಆಯುಧಪೂಜೆ. ಸ್ಕೂಟರಿಗೆ ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆಯುತ್ತಾರೆ. ಲ್ಯಾಪ್‌ಟಾಪಿಗೆ ಕುಂಕುಮ, ಈಳಿಗೆಮಣೆಗೆ ಹೂವು. ಮೂರು ವರ್ಷದಿಂದ ಯಾರೂ ಮುಟ್ಟದ ಡ್ರಿಲ್ಲಿಂಗ್ ಮಷೀನಿಗೂ ಅರಿಶಿನ. ಪೂಜೆಗೆ ಇಡೀ ಮನೆಯನ್ನು ಅಣಿ ಮಾಡಿದ ತಾವು ಮಾತ್ರ ಹಿಂದಿನ ನಲ್ಲಿಯ ಮೇಲೆ ನೇತಾಡಿಕೊಂಡಿರುತ್ತೀರಿ. ಈ ಲೋಪವನ್ನು ಸರಿಪಡಿಸಲು ಮನೆಯ ಕಾಯಂ ಅಧ್ಯಕ್ಷೆಯಾದ ನಾನು, ಯಾರನ್ನೂ ಕೇಳದೆ, ಸರ್ವಾನುಮತದಿಂದ ಈ ಸಮಾರಂಭವನ್ನು ಏರ್ಪಡಿಸಿದ್ದೇನೆ.

ತಮ್ಮ ಜೀವನ ಎಲ್ಲರಿಗೂ ತೆರೆದ ಪುಸ್ತಕ, ಹಲವೆಡೆ ತೂತೂ ಉಂಟು. ಶುದ್ಧ ಹತ್ತಿಯ ಟವೆಲ್ಲಾಗಿ ಈ ಮನೆಗೆ ಬಂದವರು ತಾವು. ಮೊದಮೊದಲು ನೆಂಟರಿಗೆ ಮೀಸಲಾಗಿ ಬೀರುವಿನಲ್ಲಿದ್ದಿರಿ. ಆಮೇಲೆ ಯಜಮಾನರ ತಲೆ ಒರೆಸುವ ಹೊಣೆ ಹೊತ್ತಿರಿ. ಅಲ್ಲಿ ಕ್ರಮೇಣ ಕೆಲಸ ಕಡಿಮೆಯಾದಾಗ ಕೊರಗದೆ ನೆಲಕ್ಕಿಳಿದಿರಿ. ಇದೇ ಹುದ್ದೆಗೆ ಪಾಲಿಯೆಸ್ಟರ್ ಅಂಗಿಗಳೂ ಅರ್ಜಿ ಹಾಕಿದ್ದವು. ನೀರನ್ನು ಹೀರದೆ ಒಂದು ಮೂಲೆಯಿಂದ ಇನ್ನೊಂದಕ್ಕೆ ತಳ್ಳುವುದಷ್ಟೇ ಅವುಗಳ ಸಾಧನೆಯಾದ್ದರಿಂದ ಆಯ್ಕೆಯಾಗಲಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎಲ್ಲರಿಗಿಂತ ಕೆಳಗೆ ಅಚ್ಚಾಗಿದೆಯೆಂದು ತಮಗೆ ಬೇಸರವಾಗಿದೆ ಎಂಬ ಸುದ್ದಿ ಬಂದಿದೆ. ಕೆಳಗೆ ಹಾಕಿಸಿದವಳು ನಾನೇ. ಈ ಮನೆಯಲ್ಲಿ ಎಲ್ಲರ ಸರದಿ ಮುಗಿಯುವ ತನಕ ತಾವು ಬಕೆಟ್ಟಿನಿಂದ ಏಳಬಾರದು. ಮೊದಲು ಕಿಟಕಿ ತೆರೆಯಬೇಕು, ಹಾಸಿಗೆ ಕೊಡವಬೇಕು. ಆಮೇಲೆ ಸೂರಿನ ಜೇಡರ ಬಲೆ. ಆಮೇಲೆ ಫ್ಯಾನು: ಹಳೇ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಎಳೆದರೆ ಧೂಳೆಲ್ಲ ಚೀಲದೊಳಗೇ ಉಳಿಯುತ್ತದೆ. ಆಮೇಲೆ ಸಜ್ಜಾ, ಫೋಟೋ, ಶೋಕೇಸು. ಯಜಮಾನರಿಗೆ ನಾನಾ ಸಂಘಗಳು ಕೊಟ್ಟ ಸ್ಮರಣಿಕೆಗಳು ಈ ಶೋಕೇಸಿನಲ್ಲೇ ಇವೆ. ಧೂಳು ಕೂರಲು ಅಷ್ಟೊಂದು ಮಡಿಕೆ, ಮೂಲೆ, ಕಿರೀಟ, ರೆಕ್ಕೆಗಳಿರುವ ವಸ್ತುವನ್ನು ಬೇರೆ ಯಾರೂ ತಯಾರಿಸಲಾರರು. ತಮಗೆ ಇಂದು ಸ್ಮರಣಿಕೆ ಕೊಡದಿರುವುದಕ್ಕೆ ಕಾರಣ ಇದೇ.

ಈ ಒರೆಸುವ ಕೆಲಸಕ್ಕೆ ಒಣಬಟ್ಟೆ ಬೇಡ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ ಬೇಕು. ಒಣಬಟ್ಟೆ ಬೀಸಿದರೆ ಟೀವಿಯ ಧೂಳು ಸೋಫಾಕ್ಕೆ ವರ್ಗವಾಗುತ್ತದೆ, ಅಷ್ಟೇ. ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರರ ಮುಂದೆ ಧೂಳನ್ನು ಊದಿ ಓಡಿಸುವ ಯಂತ್ರವೊಂದನ್ನು ಪ್ರದರ್ಶಿಸಿದರಂತೆ. ಊದುವುದರ ಬದಲು ಹೀರಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಹೋಟೆಲಿನ ಕುರ್ಚಿಗೆ ಕರವಸ್ತ್ರವಿಟ್ಟು ಬಾಯಿಂದಲೇ ಹೀರಿ ನೋಡಿದರು, ಕೆಮ್ಮಿದರು, 1901ರಲ್ಲಿ ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಷ್ಟಾದ ಮೇಲೂ ಫುಲ್ ಸ್ಪೀಡಿನಲ್ಲಿ ಫ್ಯಾನ್ ಹಾಕಿಕೊಂಡು ಕಸ ಗುಡಿಸುವವರು ನಮ್ಮ ನಡುವೆ ಇದ್ದಾರೆ. ಹೆಸರು ಹೇಳುವುದಿಲ್ಲ, ಪೇಪರ್ ಅಡ್ಡ ಹಿಡಿದಿದ್ದಾರೆ.

ಇನ್ನು ಈ ಕ್ರಮದಲ್ಲೇ ನನಗೆ ಅತ್ಯಂತ ಪ್ರಿಯವಾದ ಘಟ್ಟ. ಮೇಲಿನ ಧೂಳು ಹೊಡೆದಾದ ಮೇಲೆ ತಕ್ಷಣ ಪೊರಕೆ ಹಿಡಿಯಬಾರದು. 10 ಮೈಕ್ರಾನ್ ಗಾತ್ರದ ಧೂಳಿನ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಇಳಿಯುತ್ತದೆ. 10 ಅಡಿ ಎತ್ತರದ ಸೂರಿನಿಂದ ಹೊರಟರೆ ನೆಲ ಮುಟ್ಟುವುದಕ್ಕೆ ಕಾಲು ಗಂಟೆಗೂ ಮಿಕ್ಕಿ ಬೇಕು. ಅದು ಇಳಿಯುವವರೆಗೆ ಮನೆಯೊಡತಿ ಕುಳಿತು ಫಿಲ್ಟರ್ ಕಾಫಿ ಕುಡಿಯಬೇಕೆಂದು ಭೌತಶಾಸ್ತ್ರವೇ ವಿಧಿಸಿದೆ. ಡಿಕಾಕ್ಷನ್ ಹಾಕುವ ಜವಾಬ್ದಾರಿ ಯಾರದೆಂದು ಶಾಸ್ತ್ರ ಹೇಳಿಲ್ಲ. ಸಭೆ ಅದನ್ನು ಯಜಮಾನರಿಗೆ ವಹಿಸುತ್ತದೆ.

ಆಮೇಲೆ ಪೊರಕೆ, ಪೊರಕೆಯ ಹಿಂದೆ ಮೊರ, ಕಟ್ಟಕಡೆಗೆ ತಾವು. ಒಳಕೋಣೆಯ ಮೂಲೆಯಿಂದ ಬಾಗಿಲಿನತ್ತ, ಹಿಂದೆ ಹಿಂದೆ ಸರಿಯುತ್ತ. ದೇವರ ಮನೆ ಮೊದಲು. ಅಡುಗೆಮನೆಗೆ ಬಕೆಟ್ಟಿನ ನೀರು ಬದಲಾಯಿಸಬೇಕು. ಬಚ್ಚಲಿಗೆ ತಮ್ಮನ್ನು ಕರೆಯುವಂತೆಯೇ ಇಲ್ಲ, ಅಲ್ಲಿಗೆ ಬೇರೆ ಸಿಬ್ಬಂದಿ ಇದ್ದಾರೆ. ಅಲ್ಲಿಯ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಇಬ್ಬರಿಗೂ ಒಂದೇ ವೇದಿಕೆಗೆ ಆಹ್ವಾನ ಕೊಡದಿರುವುದನ್ನು ಸಭಿಕರು ಗಮನಿಸಿರಬಹುದು. ಅವರಿಬ್ಬರು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಭೆಯಲ್ಲಿ ಯಾರೂ ಉಳಿಯುವುದಿಲ್ಲ. ಇದು ತಮಾಷೆಯ ಮಾತಲ್ಲ.

ಇಷ್ಟು ಸರಳವಾದ ಕ್ರಮ ಬೆಂಗಳೂರಿನ ಮನೆಗಳಲ್ಲಿ ಭಾನುವಾರ ಭಾನುವಾರ ತಲೆಕೆಳಗಾಗುವುದೇಕೆ? ನಮ್ಮವರ ಸೋಮಾರಿತನ ಎಂದು ನಾನೂ ತಿಳಿದಿದ್ದೆ. ಅಷ್ಟೇ ಅಲ್ಲ. ಕೆಲಸಕ್ಕೆ ಬರುವ ಅಕ್ಕನ ಜೊತೆ ನಾವು ಮಾತಾಡಿಕೊಂಡಿರುವ ಲೆಕ್ಕವನ್ನು ನೋಡಿ. ಗುಡಿಸಿ ಒರೆಸುವುದಕ್ಕೆ ಇಷ್ಟು, ಪಾತ್ರೆಗೆ ಇಷ್ಟು. ಧೂಳು ಹೊಡೆಯುವುದು ಎರಡರಲ್ಲೂ ಸೇರಿಲ್ಲ. ಅಕ್ಕ ಒಂಬತ್ತಕ್ಕೆ ಬರುತ್ತಾರೆ, ಗುಡಿಸಿ ಒರೆಸಿ ಇನ್ನೊಂದು ಮನೆಗೆ ಓಡುತ್ತಾರೆ. ಆ ಮನೆಯವರು ಆಗಲೇ ಎರಡು ಸಲ ಫೋನ್ ಮಾಡಿರುತ್ತಾರೆ. ಯಜಮಾನರು ಏಳುವುದು ಹತ್ತಕ್ಕೆ. ಎದ್ದು, ಕಾಫಿ ಕುಡಿದು, ತಲೆಯೆತ್ತಿ ನೋಡಿ, "ಏನೇ ಇದು, ಫ್ಯಾನ್ ಮೇಲೆ ಇಷ್ಟು ಧೂಳು!" ಎಂದು ಉದ್ಗರಿಸುತ್ತಾರೆ. ಸ್ಟೂಲು ಬರುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದ ನೆಲದ ಮೇಲೆ, ಇನ್ನೂ ತೇವ ಆರದ ಜಾಗದಲ್ಲಿ, ಆರು ತಿಂಗಳ ಧೂಳು ಬಿದ್ದು ಕೆಸರಾಗುತ್ತದೆ. ಅದರ ಮೇಲೆ ಅವರ ಬರಿಗಾಲಿನ ಗುರುತು. ಆಗ ತಮ್ಮನ್ನು ಎರಡನೇ ಸಲ ಬಕೆಟ್ಟಿಗೆ ಇಳಿಸುವವಳು ಯಾರೆಂದು ತಾವು ಬಲ್ಲಿರಿ. ಸಂಜೆ ಬಂದ ನೆಂಟರು "ಮನೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದರೆ ಇವರು ನಗುತ್ತಾ, "ಬೆಳಿಗ್ಗೆ ಫ್ಯಾನೆಲ್ಲ ನಾನೇ ಒರೆಸಿದೆ" ಎನ್ನುತ್ತಾರೆ.

ಆದ್ದರಿಂದ ಈ ಸಭೆ ಎರಡು ನಿರ್ಣಯಗಳನ್ನು ಅಂಗೀಕರಿಸುತ್ತದೆ. ಒಂದು, ಧೂಳು ಹೊಡೆಯುವುದಕ್ಕೂ ಅಕ್ಕನ ಹತ್ತಿರ ರೇಟು ಮಾತಾಡಿ, ಅದಕ್ಕೆಂದೇ ಅರ್ಧ ಗಂಟೆ ಜಾಸ್ತಿ ಕೇಳಿ, ಜಾಸ್ತಿ ದುಡ್ಡು ಕೊಡುವುದು. ಎರಡು, ಅದಕ್ಕೆ ಯಜಮಾನರ ಕೈ ಬರದಿದ್ದರೆ, ಶನಿವಾರ ರಾತ್ರಿ ಊಟವಾದ ಮೇಲೆ ಅವರೇ ಸ್ಟೂಲು ಹತ್ತುವುದು. ರಾತ್ರಿಯಿಡೀ ಧೂಳು ಆರಾಮಾಗಿ ಇಳಿಯಲಿ, ಬೆಳಿಗ್ಗೆ ಪೊರಕೆ ಬರಲಿ. ಸಭೆಯಲ್ಲಿರುವ ನಮ್ಮ ಅತ್ತೆಯವರು ಆಕ್ಷೇಪ ಎತ್ತುತ್ತಿದ್ದಾರೆ. ಅತ್ತೆ, ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಅಂದಿದ್ದೀರಿ, ಒಪ್ಪಿದೆ. ಎಣ್ಣೆದೀಪದ ಕಾಲದಲ್ಲಿ ಮೂಗುಬೊಟ್ಟು ಕಸದ ಜೊತೆ ಹೋಗುತ್ತಿತ್ತು ಅಂತ ನೀವೇ ಹೇಳಿದ್ದಿರಿ. ಫ್ಯಾನಿನ ಮೇಲೆ ಯಾರ ಮೂಗುಬೊಟ್ಟೂ ಇಲ್ಲ. ಫ್ಯಾನ್ ಒರೆಸಬಾರದು ಅಂತ ನೀವು ಎಂದೂ ಹೇಳಿಲ್ಲ. ಆಕ್ಷೇಪ ತಳ್ಳಿಹಾಕಲಾಗಿದೆ.

ಈಗ ಸನ್ಮಾನ. ವಾಡಿಕೆಯಂತೆ ಶಾಲು ಹೊದಿಸಬೇಕಿತ್ತು. ಬಟ್ಟೆಗೆ ಬಟ್ಟೆ ಹೊದಿಸುವುದು ಹೇಗೆಂದು ಸ್ವಾಗತ ಸಮಿತಿಗೆ ತಿಳಿಯಲಿಲ್ಲ. ಅದೂ ಅಲ್ಲದೆ, ಯಜಮಾನರಿಗೆ ಬಂದ ಶಾಲುಗಳೆಲ್ಲ ಪಾಲಿಯೆಸ್ಟರ್. ಹಾಗಾಗಿ ತಮಗೆ ಸೋಪಿನ ಪುಡಿ ಹಾಕಿದ ಬಿಸಿನೀರಿನ ಸ್ನಾನ, ಗಟ್ಟಿಯಾದ ಒಂದು ಹಿಂಡು, ತಂತಿಯ ಮೇಲೆ ಎರಡು ಕ್ಲಿಪ್ಪು ಹಾಗೂ ದಿನಪೂರ್ತಿ ಬಿಸಿಲನ್ನು ಗೌರವಪೂರ್ವಕವಾಗಿ ಸಮರ್ಪಿಸುತ್ತಿದ್ದೇವೆ. ಬಕೆಟ್ಟಿನಲ್ಲೇ ಬಿಟ್ಟರೆ ನಾಳೆ ತಮ್ಮ ಕೀರ್ತಿ ಪಕ್ಕದ ಮನೆಯವರೆಗೂ ಹಬ್ಬುವ ಅಪಾಯವಿದೆ.

ವಂದನಾರ್ಪಣೆ ಬಕೆಟ್ಟಿನವರಿಂದ. ಉಪಾಹಾರಕ್ಕೆ ಉಪ್ಪಿಟ್ಟು, ಕೇಸರಿಬಾತ್ ಅಡುಗೆಮನೆಯಲ್ಲಿ ಸಿದ್ಧವಿದೆ. ಹಾಲಿನ ನೆಲ ಇನ್ನೂ ಒಣಗಿಲ್ಲವಾದ್ದರಿಂದ ಸಭಿಕರು ಯಾರೂ ಕಾಲನ್ನು ಕೆಳಗಿಡಬಾರದಾಗಿ ವಿನಂತಿ. ರೀ, ನಿಮಗೇ ಹೇಳಿದ್ದು.